ಉಳ್ಳಾಗಡ್ಡಿಯ ಖೋಲಿಯಲ್ಲಿ ಪಾಲುಪಟ್ಟಿ

ನಿವೃತ್ತನಾದವನಿಗೆ ಎರಡು ಕಾಯಿಲೆ ತಪ್ಪಿದ್ದಲ್ಲ. ಒಂದು ಮೊಣಕಾಲು ನೋವು, ಇನ್ನೊಂದು ಸಮಾಜಸೇವೆ. ಮೊದಲನೆಯದಕ್ಕೆ ಎಣ್ಣೆಯಾದರೂ ಇದೆ. ಎರಡನೆಯದು ನನ್ನನ್ನು ಸಯನ್ ಸ್ಟೇಷನ್ನಿನ ಆಚೆ ಬದಿಗೆ ದಾಟಿಸಿ, ತೊಂಬತ್ತು ಅಡಿ ರಸ್ತೆಯಿಂದ ಒಳಗೆಳೆದು, ಎರಡು ಹೆಗಲು ಒಟ್ಟಿಗೆ ಹಿಡಿಸದ ಗಲ್ಲಿಯಲ್ಲಿ ಅಡ್ಡಡ್ಡ ನಡೆಸಿ, ಧಾರಾವಿಯ ಒಂದು ಅಟ್ಟಕ್ಕೆ ಹತ್ತಿಸಿತು. ಅಟ್ಟ ಎಂದರೆ ಇಲ್ಲಿಯವರ ಬಾಯಲ್ಲಿ ಪೋಟ್‌ಮಾಳಾ. ಕಬ್ಬಿಣದ ಏಣಿ ಹತ್ತಿ ತಲೆ ತೂರಿಸಿದರೆ ಹೊಟ್ಟೆ ಹೊರಗೇ ಉಳಿಯುತ್ತದೆ. ಅದನ್ನು ಕೆಳಗಿನಿಂದ ಯಾರಾದರೂ ನೂಕಬೇಕು.

ಅಲ್ಲಿ ರಾತ್ರಿ ಎಂಟರ ಮೇಲೆ ಆರು ಹುಡುಗರು ಹತ್ತನೆಯ ಪರೀಕ್ಷೆಗೆ ಓದುತ್ತಾರೆ. ಹಗಲೆಲ್ಲ ಒಬ್ಬ ಚಪ್ಪಲಿಗೆ ಸೋಲ್ ಅಂಟಿಸುತ್ತಾನೆ, ಒಬ್ಬ ಚೀಲ ಹೊಲಿಯುತ್ತಾನೆ, ಇಬ್ಬರು ತೇರಾ ಕಂಪೌಂಡಿನಲ್ಲಿ ಪ್ಲಾಸ್ಟಿಕ್ಕನ್ನು ಬಣ್ಣವಾರು ಆರಿಸುತ್ತಾರೆ. ಹದಿನೇಳನೇ ನಂಬರಿನ ಫಾರ್ಮ್ ತುಂಬಿ ಹೊರಗಿನಿಂದ ಪರೀಕ್ಷೆಗೆ ಕೂರುವವರು. ಬಾಲಭಾರತಿ ಕನ್ನಡದಲ್ಲೂ ಪಠ್ಯಪುಸ್ತಕ ಅಚ್ಚು ಹಾಕುವುದರಿಂದ ಓದುವುದು ಕನ್ನಡದಲ್ಲೇ. ನಾನು ಕಲಿಸುತ್ತಿದ್ದದ್ದು ಲೆಕ್ಕ. ಮೂವತ್ತೇಳು ವರ್ಷ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ಕೂತವನಿಗೆ ಅದಕ್ಕಿಂತ ಹೆಚ್ಚೇನು ಬಂದೀತು? ಆದರೆ ವಿಜ್ಞಾನದ ಮಾಸ್ತರರು ತಂಗಿಯ ಮದುವೆಗೆಂದು ಊರಿಗೆ ಹೋದರು. ನಾನು ಯಾವ ಕಾಲದಲ್ಲೋ ಊರಿನ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿ ಸೆಕೆಂಡ್ ಕ್ಲಾಸಿನಲ್ಲಿ ಪಾರಾಗಿದ್ದೆ. ಜೊತೆಗೆ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಓದಿ, ಸಸ್ಯಶಾಸ್ತ್ರವೂ ಹಾಸ್ಯವೂ ಒಟ್ಟಿಗೆ ಬರುವಂಥವು ಎಂಬ ಭ್ರಮೆಯನ್ನು ತಲೆಯಲ್ಲಿಟ್ಟುಕೊಂಡಿದ್ದೆ. ನನಗೆ ಬಂದದ್ದು ಎರಡನೆಯದು ಮಾತ್ರ, ಅದೂ ನೋಡುವವರಿಗೆ.

‘ಕೋಶ ವಿಭಜನೆಯನ್ನು ಪುಸ್ತಕದಲ್ಲಿ ಓದಿ ಏನು ಪ್ರಯೋಜನ? ಕಣ್ಣಾರೆ ತೋರಿಸುತ್ತೇನೆ’ ಎಂಬ ಮಾತು ಮುಂಬಯಿಯ ಮನೆಗೆ ಹೇಳದೆ ಬಂದ ನೆಂಟನ ಹಾಗೆ ನನ್ನ ಬಾಯಿಯ ಬಾಗಿಲಲ್ಲಿ ನಿಂತಿತು. ಬಂದವನನ್ನು ಹೊರಗೆ ಹಾಕುವ ಹಾಗಿಲ್ಲ.

ಮೊದಲ ರಾತ್ರಿ ಮಾತಿನ ಪಾಠ ಚೆನ್ನಾಗಿಯೇ ನಡೆಯಿತು. ಕೋಶ ಎಂದರೆ ಹುಡುಗರಿಗೆ ನಿಘಂಟು ನೆನಪಾಗುತ್ತಿತ್ತು. 1665ರಲ್ಲಿ ರಾಬರ್ಟ್ ಹುಕ್ ಎಂಬವನು ಬೆಂಡಿನ ತೆಳು ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಸಾಲುಸಾಲು ಖಾಲಿ ಕೋಣೆಗಳನ್ನು ಕಂಡು, ಅವಕ್ಕೆ ‘ಸೆಲ್’ ಎಂದು ಹೆಸರಿಟ್ಟ; ಸೆಲ್ ಎಂದರೆ ಸಣ್ಣ ಕೋಣೆ, ನಮ್ಮ ಮುಂಬಯಿ ಭಾಷೆಯಲ್ಲಿ ಖೋಲಿ ಎಂದೆ. ಅಷ್ಟೇ ಸಾಕಾಯಿತು. ‘ಒಂದು ಮಿಲಿಮೀಟರಿನ್ಯಾಗ ಎಷ್ಟು ಖೋಲಿ ಕೂಡತಾವ್ರಿ?’ ಎಂದ ಒಬ್ಬ. ಬೇರಿನ ತುದಿಯಲ್ಲಾದರೆ ನಲವತ್ತು ಐವತ್ತು ಎಂದೆ. ‘ನಮ್ಮ ಗಲ್ಲಿನ ಅನ್ರಿ ಹಂಗಾರ’ ಎಂದ. ಕೋಶ ಹುಟ್ಟುವುದು ಇನ್ನೊಂದು ಕೋಶದಿಂದಲೇ, ಹೊಸ ಜಾಗದಲ್ಲಿ ಹೊಸದಾಗಿ ಯಾವ ಖೋಲಿಯೂ ಏಳುವುದಿಲ್ಲ, ಇರುವ ಖೋಲಿಯೇ ಎರಡಾಗುವುದು ಎಂದು 1855ರಲ್ಲಿ ಜರ್ಮನಿಯ ವಿರ್ಕೋ ಒತ್ತಿ ಹೇಳಿದ್ದನ್ನೂ ಹೇಳಿದೆ. ಚೀಲ ಹೊಲಿಯುವ ಹುಡುಗ ತುಸು ಯೋಚಿಸಿದ. ‘ಅಂದ್ರ ಎಲ್ಲಾ ಖೋಲಿನೂ ಎರಡು ಸಾವಿರದ ಇಸವಿಗಿಂತ ಮೊದಲಿನವೇ ಆದವಲ್ರಿ ಸರ!’

ಧಾರಾವಿಯ ಹೊರಗಿನವರಿಗೆ ಈ ಮಾತು ತಿಳಿಯಲಿಕ್ಕಿಲ್ಲ. ಇಲ್ಲಿಯ ಪುನರಭಿವೃದ್ಧಿ ಯೋಜನೆಯಲ್ಲಿ 2000ದ ಜನವರಿ 1ಕ್ಕಿಂತ ಮೊದಲಿನ ನೆಲಮಹಡಿಯ ಖೋಲಿಯಾದರೆ ಧಾರಾವಿಯಲ್ಲೇ ಪುಕ್ಕಟೆ ಮನೆ. ಆಮೇಲಿನವರದು, ಅಟ್ಟದವರದು ಬೇರೆಯೇ ಲೆಕ್ಕ. ಹಾಗಾಗಿ ಇಲ್ಲಿ ಹುಟ್ಟಿದ ದಿನ ಮರೆತವರೂ ಖೋಲಿಯ ಹಳೆಯ ಲೈಟ್ ಬಿಲ್ಲನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಪೆಟ್ಟಿಗೆಯ ತಳದಲ್ಲಿ ಕಾಪಾಡುತ್ತಾರೆ. ಹುಡುಗನ ಲೆಕ್ಕ ಸರಿಯಾಗಿಯೇ ಇತ್ತು. ಕೋಶದಿಂದ ಕೋಶ ಎಂದು ಹಿಂದೆ ಹಿಂದೆ ಹೋದರೆ, ಒಂದು ಯಃಕಶ್ಚಿತ್ ಈರುಳ್ಳಿ ಕೂಡ ಮುನ್ನೂರೈವತ್ತು ಕೋಟಿ ವರ್ಷಗಳ ಲೈಟ್ ಬಿಲ್ಲು ಹಾಜರುಪಡಿಸೀತು.

ನಾನು ಉಬ್ಬಿಹೋದೆ. ಮರುದಿನವೇ ಚೋರ್ ಬಜಾರಿಗೆ ಹೋಗಿ ಹಿತ್ತಾಳೆಯ ಸೂಕ್ಷ್ಮದರ್ಶಕವೊಂದನ್ನು ತಂದೆ. ಚೌಕಾಸಿ ಮಾಡುವ ಭರದಲ್ಲಿ ಕೆಳಗಿನ ಕನ್ನಡಿ ಇದೆಯೇ ಎಂದು ನೋಡುವುದನ್ನು ಮರೆತಿದ್ದೆ. ನನ್ನ ಶೇವಿಂಗ್ ಕನ್ನಡಿಯನ್ನು ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿಕೊಂಡೆ. ‘ನಾಳೆಯಿಂದ ಮುಖ ಯಾವುದರಲ್ಲಿ ನೋಡಿಕೊಳ್ತೀರಿ?’ ಎಂದಳು ಹೆಂಡತಿ. ‘ಇಷ್ಟು ವರ್ಷ ನೋಡಿದ್ದು ಸಾಕು’ ಎಂದೆ. ಅವಳು ಆ ಮಾತನ್ನು ತಕ್ಷಣ ಒಪ್ಪಿದ ರೀತಿ ನನಗೆ ಹಿಡಿಸಲಿಲ್ಲ.

ಆ ಹಿತ್ತಾಳೆ ಕೊಳವೆ ಚೀಲದಿಂದ ಅರ್ಧ ಹೊರಗೆ ಇಣುಕುತ್ತಿರಲು, ಬೆಳಗ್ಗೆ ಗಲ್ಲಿಯಲ್ಲಿ ಕಾಲಿಟ್ಟರೆ ನನಗೊಂದು ಕುರ್ಚಿ ಬಂತು, ಚಹಾ ಬಂತು. ಕುರ್ಚಿಯ ಮುಂದೆ ಸಾಲು ಹತ್ತಿತು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರು, ಒಳಗೆ ರೇಷನ್ ಕಾರ್ಡು. ಸರ್ವೇ ಸಾಹೇಬ ದುರ್ಬೀನು ತಂದಿದ್ದಾನೆ, ಖೋಲಿ ಎಣಿಸುತ್ತಾನಂತೆ, ಎರಡಾದ ಖೋಲಿ ಯಾವುದು ಎಂದು ಕಣ್ಣಾರೆ ನೋಡುತ್ತಾನಂತೆ ಎಂದು ರಾತ್ರಿಯ ಪಾಠ ಗಲ್ಲಿಯ ತುದಿ ಮುಟ್ಟುವಷ್ಟರಲ್ಲಿ ಸುದ್ದಿಯಾಗಿತ್ತು. ಸತ್ಯ ಹೇಳಬೇಕೆಂದರೆ, ನಾನು ಸರ್ವೇಯವನಲ್ಲ ಎಂದು ಹೇಳಿದ್ದು ಎರಡನೆಯ ಕಪ್ ಚಹಾ ಮುಗಿದ ಮೇಲೆ. ಕೌಂಟರಿನ ಮುಂದೆ ಸಾಲು ನೋಡಿ ಆರು ವರ್ಷವಾಗಿತ್ತು. ಮನಸ್ಸು ಒಂದಿಷ್ಟು ಜಾರಿತು.

ಇನ್ನು ಈರುಳ್ಳಿ. ಪುಸ್ತಕಕ್ಕೆ ಅದು ಈರುಳ್ಳಿ, ಕರಾವಳಿಯ ನನಗೆ ನೀರುಳ್ಳಿ, ವಿಜಯಪುರದ ಕಡೆಯ ಹುಡುಗರಿಗೆ ಉಳ್ಳಾಗಡ್ಡಿ, ಮೂಲೆಯಂಗಡಿಯವನಿಗೆ ಕಾಂದಾ. ಅಷ್ಟೊಂದು ಹೆಸರಿದ್ದರೂ ನೀರು ತುಂಬಿದ ಲೋಟದ ಬಾಯಲ್ಲಿ ಕೂರಿಸಿಟ್ಟದ್ದು ಐದು ದಿನವಾದರೂ ಬೇರು ಬಿಡಲಿಲ್ಲ. ಆರನೆಯ ದಿನ ನಾನು ಸುಮ್ಮನಿರಲಾರದೆ ಭಾಷಣ ಬಿಗಿದೆ. ನಾಸಿಕ ಜಿಲ್ಲೆಯ ಲಾಸಲಗಾಂವದಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರ ‘ಕೃಷಕ್’ ಎಂಬ ಘಟಕವಿದೆ, ಅಲ್ಲಿ ಈರುಳ್ಳಿಗೆ ಗಾಮಾ ಕಿರಣ ಹಾಯಿಸುತ್ತಾರೆ, ಮೊಳಕೆಯ ಕೋಶಗಳು ವಿಭಜಿಸುವ ಶಕ್ತಿಯನ್ನೇ ಕಳೆದುಕೊಳ್ಳುತ್ತವೆ, ಹಾಗಾಗಿ ಗಡ್ಡೆ ಮೊಳೆಯದೆ ತಿಂಗಳುಗಟ್ಟಲೆ ಉಳಿಯುತ್ತದೆ. ಕ್ಯಾನ್ಸರ್ ಗಡ್ಡೆಗೆ ವಿಕಿರಣ ಕೊಡುವುದೂ ಇದೇ ನ್ಯಾಯದಿಂದ, ಏಕೆಂದರೆ ಕ್ಯಾನ್ಸರ್ ಎಂದರೆ ಸಾಕು ಎನ್ನುವುದನ್ನೇ ಮರೆತ ಕೋಶ ವಿಭಜನೆ. ಬಹುಶಃ ನಮ್ಮ ಪಾಲಿಗೆ ಬಂದದ್ದು ಅಂಥ ಕಿರಣ ತಾಗಿದ ಈರುಳ್ಳಿ. ಇದಿಷ್ಟೂ ನಿಜವಾದ ವಿಜ್ಞಾನ. ಹುಡುಗರು ಬರೆದುಕೊಳ್ಳುತ್ತಿದ್ದರು. ಆ ಖೋಲಿಯ ಒಡತಿ, ನಾವೆಲ್ಲ ದೊಡ್ಡವ್ವ ಎನ್ನುವ ಹೆಂಗಸು, ಏಣಿಯ ಮೇಲಿಂದ ತಲೆಯಷ್ಟೇ ಎತ್ತಿ ಲೋಟದ ಕಡೆ ನೋಡಿದರು.

‘ತಲಿ ಕೆಳಗ ಮಾಡಿ ಇಟ್ಟೀರಲ್ರಿ ಮಾಸ್ತರ.’

ಗಡ್ಡೆಯನ್ನು ತಿರುಗಿಸಿಟ್ಟರು. ಮೂರೇ ದಿನಕ್ಕೆ ಬಿಳಿ ಬೇರು ಗಡ್ಡದ ಹಾಗೆ ಇಳಿಯಿತು. ಹುಡುಗರ ನೋಟುಬುಕ್ಕಿನಲ್ಲಿ ಗಾಮಾ ಕಿರಣ ಇವತ್ತಿಗೂ ಇದೆ.

ನಾಲ್ಕನೆಯ ದಿನ ಬೆಳಗ್ಗೆ ಹೋದರೆ ಲೋಟ ಖಾಲಿ. ಬೇರು ಬಿಟ್ಟ ಉಳ್ಳಾಗಡ್ಡಿ ಇನ್ನು ಕೆಟ್ಟುಹೋಗುತ್ತದೆಂದು ದೊಡ್ಡವ್ವ ಅದನ್ನು ಝುಣಕಕ್ಕೆ ಹಾಕಿದ್ದರು. ರೊಟ್ಟಿಯ ಜೊತೆ ನನಗೂ ಬಡಿಸಿದರು. ಪ್ರಯೋಗದ ವಸ್ತುವನ್ನು ಪ್ರಯೋಗಕಾರನೇ ತಿಂದ ದಾಖಲೆ ವಿಜ್ಞಾನದಲ್ಲಿ ಹೆಚ್ಚಿರಲಾರದು. ರುಚಿಯಾಗಿತ್ತು.

ಎರಡನೆಯ ಗಡ್ಡೆಗೆ ‘ತಿನ್ನಬಾರದು’ ಎಂಬ ಚೀಟಿ ಅಂಟಿಸಿದೆವು. ಬೇರಿನ ಎಲ್ಲ ಕಡೆಯೂ ಕೋಶ ಒಡೆಯುವುದಿಲ್ಲ. ತುತ್ತತುದಿಯಲ್ಲಿ ಬೇರಿಗೊಂದು ಟೊಪ್ಪಿಗೆ, ಅದರ ಬೆನ್ನಿಗೆ ಒಂದೆರಡು ಮಿಲಿಮೀಟರಿನಷ್ಟು ಜಾಗದಲ್ಲಿ ವಿಭಜನೆಯ ಗದ್ದಲ. ಅದರ ಹಿಂದಿನ ಕೋಶಗಳು ಒಡೆಯುವುದನ್ನು ಬಿಟ್ಟು ನೀರು ಕುಡಿಯಲು ತೊಡಗುತ್ತವೆ. ಒಳಗಿನ ರಸದಾನಿ ಉಬ್ಬಿ, ಗೋಡೆ ಸಡಿಲಾಗಿ, ಖೋಲಿ ಉದ್ದಕ್ಕೆ ಬೆಳೆಯುತ್ತದೆ. ಬೇರು ಮುಂದೆ ನುಗ್ಗುವುದು ಈ ಹೊಟ್ಟೆ ಬಂದವರ ನೂಕಾಟದಿಂದಲೇ. ನಾನೂ ಐವತ್ತರ ಮೇಲೆ ಬೆಳೆದದ್ದು ಇದೇ ದಾರಿಯಲ್ಲಿ. ದೊಡ್ಡವರಲ್ಲಿ ಕೊಬ್ಬಿನ ಕೋಶಗಳ ಲೆಕ್ಕ ಅಷ್ಟಾಗಿ ಬದಲಾಗುವುದಿಲ್ಲವಂತೆ, ಒಂದೊಂದೂ ಉಬ್ಬುತ್ತದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಮೊದಲ ಸಲ ಬೇರನ್ನು ನಡುವಿನಲ್ಲಿ ಕತ್ತರಿಸಿದ್ದೆ. ತುದಿ ಕಸಕ್ಕೆ ಹೋಯಿತು.

ಕತ್ತರಿಸಬೇಕಾದ್ದು ಬೆಳಗ್ಗೆ ಎಂಟರಿಂದ ಹತ್ತರೊಳಗೆ, ಆಗಲೇ ವಿಭಜನೆಯ ಭರಾಟೆ ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಕತ್ತರಿಸಿದ ಕೂಡಲೆ ಮೂರು ಪಾಲು ಆಲ್ಕೋಹಾಲು, ಒಂದು ಪಾಲು ಅಸಿಟಿಕ್ ಆಮ್ಲದ ಮಿಶ್ರಣದಲ್ಲಿ ಅದ್ದಬೇಕು. ಯಾವ ಕೋಶ ಯಾವ ಭಂಗಿಯಲ್ಲಿತ್ತೋ ಹಾಗೆಯೇ ಸ್ತಬ್ಧವಾಗುತ್ತದೆ. ಶುದ್ಧ ಆಲ್ಕೋಹಾಲು ಔಷಧದಂಗಡಿಯಲ್ಲಿ ಸಿಗಲಿಲ್ಲ. ಬೇರೆ ದಾರಿ ಕಾಣದೆ ದೇಸಿ ದಾರೂ ಅಂಗಡಿಯ ಮುಂದೆ ನಿಂತೆ. ಜೀವಮಾನದಲ್ಲಿ ಮೊದಲ ಸಲ ಕ್ವಾರ್ಟರ್ ಎಂಬ ಶಬ್ದವನ್ನು ಬಾಯಿಬಿಟ್ಟು ಉಚ್ಚರಿಸಿದ ಆ ಗಳಿಗೆಯಲ್ಲೇ ಮಾಟುಂಗಾದ ಸಂಘದ ಹಿರಿಯ ಪರಿಚಯಸ್ಥರೊಬ್ಬರು ಆ ದಾರಿಯಲ್ಲಿ ಬಂದರು. ಬೆಳಗಿನ ಎಂಟೂವರೆ ಗಂಟೆ. ‘ಈರುಳ್ಳಿ ಬೇರಿಗೆ’ ಎಂದೆ. ಅವರು ಬಹಳ ಮೃದುವಾಗಿ ನನ್ನ ಬೆನ್ನು ತಟ್ಟಿ ಮುಂದೆ ಹೋದರು. ಆಮೇಲೆ ಮೂರು ತಿಂಗಳು ಸಂಘದ ಯಾವ ಸಭೆಯಲ್ಲೂ ನನ್ನನ್ನು ವಂದನಾರ್ಪಣೆಗೆ ಕರೆಯಲಿಲ್ಲ.

ಅಷ್ಟು ಮಾನ ಕಳೆದುಕೊಂಡದ್ದೂ ದಂಡ. ದೇಸಿಯಲ್ಲಿ ಅರ್ಧಕ್ಕಿಂತ ಹೆಚ್ಚು ನೀರೇ. ಬೇರು ಸ್ತಬ್ಧವಾಗುವ ಬದಲು ಕೊಳೆಯಿತು. ಕೊನೆಗೆ ಕಾಲೇಜಿನಲ್ಲಿ ಪಾಠ ಮಾಡುವ ನನ್ನ ಸೋದರಳಿಯ ಒಂದು ಸಣ್ಣ ಬಾಟಲಿ ಆಲ್ಕೋಹಾಲು, ಒಂದು ಚಿಟಿಕೆ ಕಾರ್ಮೈನ್ ಬಣ್ಣ, ಒಂದು ಡಬ್ಬಿ ಗಾಜಿನ ಪಟ್ಟಿ ತಂದುಕೊಟ್ಟ. ‘ಮಾವ, ಎಲ್ಲಿಯೂ ನನ್ನ ಹೆಸರು ಹೇಳಬೇಡಿ’ ಎಂದ. ಹೇಳಿಲ್ಲ.

ಕಾರ್ಮೈನನ್ನು ಅಸಿಟಿಕ್ ಆಮ್ಲದಲ್ಲಿ ಕುದಿಸಬೇಕು. ದೊಡ್ಡವ್ವನ ಬೋಗೋಣಿಯಲ್ಲಿ ಕುದಿಸಿದೆ. ಗಲ್ಲಿಯ ತುಂಬ ಉಪ್ಪಿನಕಾಯಿ ಸತ್ತ ವಾಸನೆ. ಈ ಕೆಂಪು ಬಣ್ಣ ಪಾಪಾಸುಕಳ್ಳಿಯ ಮೇಲೆ ಬದುಕುವ ಕೊಚಿನೀಲ್ ಎಂಬ ಹುಳದ್ದು ಎಂದು ಉತ್ಸಾಹದಲ್ಲಿ ಹೇಳಿಬಿಟ್ಟೆ. ‘ನನ್ನ ಬೋಗೋಣ್ಯಾಗ ಹುಳಾ ಕುದಿಸಿದ್ರೇನು?’ ಎಂದರು ದೊಡ್ಡವ್ವ. ಹೊಸ ಬೋಗೋಣಿಗೆ ಕೊಟ್ಟ ದುಡ್ಡನ್ನು ಹೆಂಡತಿಗೆ ಹೇಳಿಲ್ಲ. ಹೇಳದಿದ್ದರೂ ಮೊಣಕೈವರೆಗೆ ಕೆಂಪಾದ ಎರಡು ಕೈ ತೊಟ್ಟು ಮನೆಗೆ ಹೋದ ಮೇಲೆ ಅಡಗಿಸುವುದೇನಿತ್ತು? ಲೋಕಲ್ಲಿನಲ್ಲಿ ನನ್ನ ಅಕ್ಕಪಕ್ಕದವರು ತಾವಾಗಿ ಎದ್ದು ಸೀಟು ಬಿಟ್ಟುಕೊಟ್ಟರು. ಹಿರಿಯ ನಾಗರಿಕನಾದ ಮೇಲೆ ಹಾಗಾದದ್ದು ಅದೇ ಮೊದಲು.

ಪ್ರದರ್ಶನದ ರಾತ್ರಿ ಬಂತು. ಬಣ್ಣ ಹಿಡಿದ ಬೇರಿನ ತುದಿಯನ್ನು ಗಾಜಿನ ಪಟ್ಟಿಯ ಮೇಲಿಟ್ಟು, ತೆಳು ಗಾಜು ಮುಚ್ಚಿ, ಹದವಾಗಿ ಬಿಸಿ ಮಾಡಿ, ಕಾಗದ ಮಡಚಿಟ್ಟು ಹೆಬ್ಬೆರಳಿನಿಂದ ಒತ್ತಬೇಕು. ಕೋಶಗಳ ರಾಶಿ ಒಂದೇ ಪದರವಾಗಿ ಹರಡುತ್ತದೆ. ಗುಟ್ಟಿರುವುದು ಹೆಬ್ಬೆರಳಿನಲ್ಲಿ. ನೇರವಾಗಿ ಕೆಳಕ್ಕೆ ಒತ್ತಬೇಕು, ಕೂದಲೆಳೆಯಷ್ಟೂ ಪಕ್ಕಕ್ಕೆ ಜಾರಬಾರದು. ನನ್ನ ಹೆಬ್ಬೆರಳು ಮೂವತ್ತೇಳು ವರ್ಷ ಮಾಡಿದ್ದು ಒಂದೇ ಕೆಲಸ, ಪಕ್ಕಕ್ಕೆ ಜಾರುವುದು. ನೂರರ ಕಟ್ಟನ್ನು ಎಣಿಸುವವನ ಹೆಬ್ಬೆರಳದು. ಗಾಜು ಮುಟ್ಟಿದ್ದೇ ತಡ ಸರ್ರನೆ ಸರಿಯಿತು. ಈರುಳ್ಳಿಯ ಕೋಶಗಳು ನೋಟಿನ ಹಾಗೆ ಒಂದರ ಮೇಲೊಂದು ಮಗುಚಿಕೊಂಡವು. ಎರಡನೆಯದನ್ನು ಗ್ಯಾಸ್ ಒಲೆಯ ಮೇಲೆ ಹಿಡಿದೆ. ಟಪ್ ಎಂದು ಗಾಜು ಸೀಳಿತು. ಮೂರನೆಯದರಲ್ಲಿ ಉದ್ದನೆಯ ಕರಿಯ ಎಳೆಯೊಂದು ಕಾಣಿಸಿತು. ‘ನೋಡಿ, ವರ್ಣತಂತು!’ ಎಂದು ಕೂಗಿದೆ. ಆರೂ ಜನ ಸರದಿಯಲ್ಲಿ ನೋಡಿದರು. ‘ಕುಣ್ಯಾಕತ್ತೈತ್ರಿ!’ ಎಂದ ಒಬ್ಬ. ಕುಣಿಸುತ್ತಿದ್ದದ್ದು ಪಕ್ಕದ ಖೋಲಿಯ ಚರ್ಮಕ್ಕೆ ಅಚ್ಚೊತ್ತುವ ಯಂತ್ರ. ಎಳೆ ನನ್ನ ರೆಪ್ಪೆಯ ಕೂದಲು.

‘ಸರ, ಇದು ಯಾವಾಗ ಒಡಿತೈತ್ರಿ?’ ಎಂದು ಪ್ಲಾಸ್ಟಿಕ್ ಆರಿಸುವ ಹುಡುಗ ಕಾಲು ಗಂಟೆ ಕಣ್ಣು ಕೀಲಿಸಿ ಕೂತ ಮೇಲೆ ಕೇಳಿದ. ಆಗ ಒಪ್ಪಿಕೊಳ್ಳಲೇಬೇಕಾಯಿತು: ಅದು ಒಡೆಯುವುದಿಲ್ಲ, ನಾಲ್ಕು ದಿನದ ಹಿಂದೆ ಆಲ್ಕೋಹಾಲಿನಲ್ಲಿ ನಾನೇ ಅದನ್ನು ಕೊಂದಿದ್ದೇನೆ. ಅಟ್ಟದಲ್ಲಿ ಮೌನ. ಓಡುವ ಲೋಕಲ್ಲಿನ ಬಾಗಿಲಲ್ಲಿ ನೇತಾಡುವವರ ಫೋಟೊ ತೆಗೆದ ಹಾಗೆ ಇದು, ಕೆಲವರು ಹತ್ತುತ್ತಿರುತ್ತಾರೆ, ಕೆಲವರು ಇಳಿಯುತ್ತಿರುತ್ತಾರೆ, ಫೋಟೊಗಳನ್ನು ಜೋಡಿಸಿ ಕಥೆ ಮಾಡಿಕೊಳ್ಳುವುದು ನಾವು ಎಂದೆಲ್ಲ ವಿವರಿಸಿದೆ. ‘ಕಣ್ಣಾರೆ ತೋರಸ್ತೀನಿ ಅಂದಿದ್ರಿ’ ಎಂದ ಅವನು. ಕೌಂಟರಿನಲ್ಲಿ ಹರಿದ ನೋಟು ವಾಪಸು ತಂದವನ ಧ್ವನಿ.

ಸೋಲ್ ಅಂಟಿಸುವ ಹುಡುಗ ಅಷ್ಟು ಹೊತ್ತೂ ಮಾತಾಡಿರಲಿಲ್ಲ. ‘ಕೊಡ್ರಿ ಇಲ್ಲಿ’ ಎಂದ. ಬೇರಿನ ತುದಿಯನ್ನು ಬಿಡಿಸಲು ಸೂಜಿ ಸಿಗದೆ ಕಿಸೆಯಿಂದ ಆರಿ ತೆಗೆದ. ಚರ್ಮಕ್ಕೆ ತೂತು ಹಾಕುವ ಆ ಆರಿಗೆ ಒಳ್ಳೆಯ ತುಕ್ಕು ಹಿಡಿದಿತ್ತು. ಬೇಡ ಬೇಡ ಎನ್ನುವಷ್ಟರಲ್ಲಿ ಬಣ್ಣದೊಳಗೆ ಕಲಸಿಯೂ ಆಯಿತು. ಬಣ್ಣ ಕಣ್ಣೆದುರೇ ಗಾಢವಾಯಿತು, ಕೆಂಪು ನೇರಳೆಗೆ ತಿರುಗಿತು. ಎಲ್ಲಿಯೋ ಓದಿದ್ದು ಆಗ ನೆನಪಿಗೆ ಬಂತು: ಕಾರ್ಮೈನಿಗೆ ಒಂದಿಷ್ಟು ಕಬ್ಬಿಣ ಬೆರೆತರೆ ವರ್ಣತಂತುಗಳು ಎದ್ದು ಕಾಣುತ್ತವೆ ಎಂದು ಬೆಲ್ಲಿಂಗ್ ಎಂಬ ವಿಜ್ಞಾನಿ 1921ರಲ್ಲೇ ಕಂಡುಕೊಂಡಿದ್ದ. ನನ್ನ ಹೊಳೆಯುವ ಸ್ಟೀಲ್ ಚಿಮಟಕ್ಕೆ ಆ ಯೋಗ್ಯತೆ ಇರಲಿಲ್ಲ. ಹುಡುಗ ಕಾಗದವಿಟ್ಟು ಹೆಬ್ಬೆರಳೂರಿದ. ದಿನಕ್ಕೆ ನೂರಾರು ಸೋಲನ್ನು ಗೋಂದಿನ ಮೇಲೆ ಒತ್ತುವ ಹೆಬ್ಬೆರಳು ಅದು. ಜಾರಿದರೆ ಕೂಲಿ ಕಡಿತ. ಎಳ್ಳಷ್ಟೂ ಕದಲಲಿಲ್ಲ.

ಅವನ ಹೆಬ್ಬೆರಳ ಕೋಶದಲ್ಲೂ ನನ್ನ ಹೆಬ್ಬೆರಳ ಕೋಶದಲ್ಲೂ ಇರುವುದು ನಲವತ್ತಾರೇ ವರ್ಣತಂತು. ಚರ್ಮ, ಎಲುಬು, ನರ ಎಲ್ಲಕ್ಕೂ ಒಂದೇ ಪುಸ್ತಕ, ಓದುವ ಪುಟ ಬೇರೆ. ರಕ್ತದ ಕೆಂಪು ಕಣವಂತೂ ಸರಕು ತುಂಬಲು ಜಾಗ ಸಾಲದೆಂದು ಕೋಶಕೇಂದ್ರವನ್ನೇ ಹೊರಗೆ ಹಾಕಿಬಿಡುತ್ತದೆ. ಧಾರಾವಿಯಲ್ಲಿ ಮಂಚ ಮಾರಿ ಮೂಟೆ ಪೇರಿಸಿದ ಖೋಲಿಗಳಿಲ್ಲವೇ, ಹಾಗೆ. ಗಿಡದಲ್ಲಿ ನೀರು ಸಾಗಿಸುವ ಕೊಳವೆಯ ಕೋಶಗಳು ಕೆಲಸಕ್ಕೆ ಸೇರುವುದೇ ಸತ್ತ ಮೇಲೆ. ನಮ್ಮ ಬ್ಯಾಂಕಿನಲ್ಲೂ ಅಂಥ ಕೆಲವರಿದ್ದರು. ಹೀಗೆ ಒಂದು ಕಸುಬು ಹಿಡಿದ ಕೋಶ ಮತ್ತೆ ಹಸುಗೂಸಾಗಬಲ್ಲದೇ? ಗಿಡಕ್ಕೆ ಅದು ಸಾಧ್ಯ. 1958ರಲ್ಲಿ ಸ್ಟೀವರ್ಡ್ ಗಜ್ಜರಿಯ ಬಲಿತ ಕೋಶಗಳಿಂದ ಇಡೀ ಗಜ್ಜರಿ ಗಿಡ ಎಬ್ಬಿಸಿದ. ಪ್ರಾಣಿಗಳ ಕೋಶ ಮೊಂಡು. ಜಪಾನಿನ ಯಮನಾಕಾ 2006ರಲ್ಲಿ ಇಲಿಯ ಚರ್ಮದ ಕೋಶವನ್ನು ನಾಲ್ಕು ಜೀನು ತುರುಕಿ ಹಿಂದಕ್ಕೆ ತಿರುಗಿಸಬೇಕಾಯಿತು. ಕ್ಯಾಶಿಯರನನ್ನು ಸಸ್ಯಶಾಸ್ತ್ರಜ್ಞನನ್ನಾಗಿ ತಿರುಗಿಸುವ ಜೀನು ಇನ್ನೂ ಸಿಕ್ಕಿಲ್ಲ.

ಶೇವಿಂಗ್ ಕನ್ನಡಿಗೆ ಮೊಬೈಲಿನ ಟಾರ್ಚು ಹಿಡಿದರು. ಹುಡುಗನೇ ಮೊದಲು ಕಣ್ಣಿಟ್ಟ. ಪಕ್ಕದ ಯಂತ್ರದವನಿಗೆ ಐದು ನಿಮಿಷ ನಿಲ್ಲಿಸಲು ಹೇಳಿ ಬಂದಿದ್ದ. ಅದು ನನಗೆ ಹೊಳೆದೇ ಇರಲಿಲ್ಲ. ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ ಮೆಲ್ಲಗೆ, ‘ಪಾಲು ಮಾಡ್ಕೋಳಾಕತ್ತಾವ್ರಿ’ ಎಂದ.

ನೂಕಿಕೊಂಡು ನೋಡಿದೆ. ನೂರಾರು ಖೋಲಿಗಳು, ಬಹುಪಾಲಿನಲ್ಲಿ ಬರೀ ದುಂಡನೆಯ ಕೋಶಕೇಂದ್ರ, ಏನೂ ನಡೆಯದ ಸಂಸಾರಗಳು. ನಡುವೆ ಒಂದರಲ್ಲಿ ನೇರಳೆ ಎಳೆಗಳ ಎರಡು ಗುಂಪು ಎದುರುಬದುರು ಗೋಡೆಗಳ ಕಡೆ ಎಳೆದುಕೊಂಡು ಹೊರಟಿದ್ದವು. ವಾಲ್ಟರ್ ಫ್ಲೆಮಿಂಗ್ ಬಣ್ಣ ಹಾಕಿ ಹಾಕಿ ಇದನ್ನೇ ನೋಡಿ, ಚಿತ್ರ ಬರೆದು, 1882ರ ತನ್ನ ಪುಸ್ತಕದಲ್ಲಿ ಲೋಕಕ್ಕೆ ತೋರಿಸಿದ್ದ. ಆ ಕಡೆ ಹದಿನಾರು, ಈ ಕಡೆ ಹದಿನಾರು. ಈರುಳ್ಳಿಯ ಲೆಕ್ಕ ಅದು. ಎಣಿಸುವ ಕೆಲಸ ನನ್ನದಲ್ಲವೇ ಎಂದು ಎಣಿಸಿದೆ, ಹನ್ನೊಂದಕ್ಕೆ ತಪ್ಪಿತು, ಮತ್ತೆ ಮೊದಲಿನಿಂದ ಶುರು ಮಾಡಿದೆ.

‘ಜಗಳಾ ಇಲ್ಲದ ಹೆಂಗ ಪಾಲು ಆಕ್ಕಾವ್ರಿ?’ ಎಂದ ಚೀಲ ಹೊಲಿಯುವವನು. ಅವನ ಅಪ್ಪನೂ ಚಿಕ್ಕಪ್ಪನೂ ಒಂದೇ ಖೋಲಿಗೆ ನಡುವೆ ಪ್ಲೈವುಡ್ ಹೊಡೆದು ಹತ್ತು ವರ್ಷದಿಂದ ಮಾತು ಬಿಟ್ಟಿದ್ದಾರೆ. ಪಾಲಿಗೆ ಮೊದಲೇ ಕೋಶ ಎಲ್ಲ ಕಾಗದಪತ್ರವನ್ನೂ ಒಂದಕ್ಷರ ಬಿಡದೆ ಝೆರಾಕ್ಸ್ ಮಾಡಿಸಿ, ಎರಡೂ ಪ್ರತಿಯನ್ನು ಅಂಟಿಸಿಟ್ಟುಕೊಂಡಿರುತ್ತದೆ. ಅಸಲು ಯಾರದು ನಕಲು ಯಾರದು ಎಂಬ ತಕರಾರೇ ಬರುವುದಿಲ್ಲ ಎಂದೆ. ಪ್ರಾಣಿಯ ಕೋಶವಾದರೆ ಚೀಲದ ಬಾಯಿಗೆ ಲಾಡಿ ಬಿಗಿದ ಹಾಗೆ ಸೊಂಟದಲ್ಲಿ ಬಿಗಿದುಕೊಂಡು ಎರಡಾಗುತ್ತದೆ. ಗಿಡದ ಕೋಶಕ್ಕೆ ಸುತ್ತ ಗಟ್ಟಿ ಗೋಡೆ, ಬಿಗಿಯಲು ಬರುವುದಿಲ್ಲ. ಅದು ನಡುವೆ ಹೊಸ ಗೋಡೆಯನ್ನೇ ಕಟ್ಟಬೇಕು. ಪಕ್ಕದ ಇನ್ನೊಂದು ಖೋಲಿಯಲ್ಲಿ ಪಾಲು ಮುಗಿದಿತ್ತು. ಎರಡು ಗುಂಪುಗಳ ನಟ್ಟನಡುವೆ ಮಸುಕಾದ ಗೆರೆ, ಎರಡೂ ತುದಿ ಇನ್ನೂ ಹಳೆಯ ಗೋಡೆಗೆ ಮುಟ್ಟಿರಲಿಲ್ಲ.

ದೊಡ್ಡವ್ವ ಏಣಿ ಹತ್ತಿ ಬಂದರು. ಅವರ ಗಂಡ ಮೂವತ್ತು ವರ್ಷ ಈ ಗಲ್ಲಿಯಲ್ಲಿ ಗೌಂಡಿ ಕೆಲಸ ಮಾಡಿದವರು. ಸೆರಗಿನಿಂದ ಕಣ್ಣೊರೆಸಿಕೊಂಡು ಕೊಳವೆಯೊಳಗೆ ನೋಡಿದರು. ಗೆರೆ ತೋರಿಸಿ, ಅದು ಗೋಡೆ ದೊಡ್ಡವ್ವ, ನಡುವಿನಿಂದ ಶುರುವಾಗಿ ಹೊರಗಡೆಗೆ ಬೆಳೆಯುತ್ತದೆ, ಕೊನೆಗೆ ಆಚೀಚೆಯ ಗೋಡೆಗೆ ಹೋಗಿ ಕೂಡುತ್ತದೆ ಎಂದೆ.

ಅವರು ತಲೆಯೆತ್ತಿ ನನ್ನ ಕೆಂಪು ಕೈಗಳನ್ನೊಮ್ಮೆ, ಮುಖವನ್ನೊಮ್ಮೆ ನೋಡಿದರು.

‘ಆಸರ ಇಲ್ಲದ ನಡುವಿಂದ ಗ್ವಾಡಿ ಎಬ್ಬಸ್ತಾರೇನ್ರಿ ಮಾಸ್ತರ? ಯಾವ ಊರ ಗೌಂಡಿ ಅಂವಾ?’